ಸರ್ಕಾರಕ್ಕೆ ನುಗ್ಗೆಸೊಪ್ಪು ಕೊಟ್ಟವಳು

ನನಗಾಗ ಅರವತ್ತೊಂಬತ್ತು. ನಾಲ್ಕು ವರ್ಷದ ಕೆಳಗಿನ ಮಾತು. ಸರ್ಕಾರ ಜನಕ್ಕೆ ಕೊಡುವುದನ್ನು ನೀವು ಕಂಡಿದ್ದೀರಿ. ಜನ ಸರ್ಕಾರದವರ ಕೈ ಬೆಚ್ಚಗೆ ಮಾಡುವುದನ್ನೂ ಕಂಡಿದ್ದೀರಿ. ಆದರೆ ಸರ್ಕಾರಕ್ಕೇ ಒಂದು ಹಿಡಿ ನುಗ್ಗೆಸೊಪ್ಪು ಕೊಟ್ಟು, ಪಾಪ ಬರಿಗೈಲಿ ಹೇಗೆ ಕಳಿಸುವುದು ಎಂದು ಮರುಗಿದ ಹೆಂಗಸನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವಳು ನನ್ನ ನಾದಿನಿ, ನನ್ನ ಗಂಡನ ತಂಗಿ. ಹೆಸರು ಬರೆಯುವುದಿಲ್ಲ. ಬರೆದರೆ ಯಾರ ಕೈಲಾದರೂ ಓದಿಸಿ ಕೇಳಿ ಜಗಳಕ್ಕೆ ಬರುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು, ಅವಳು ಅದೂ ಇಲ್ಲ. ಆದ್ದರಿಂದ ಇದರಲ್ಲಿ ನೀತಿ ಹುಡುಕಬೇಡಿ.

ನಂಜನಗೂಡಿನಲ್ಲಿ ಹುಟ್ಟಿದ ಇವಳನ್ನು ತಿ. ನರಸೀಪುರಕ್ಕೆ ಕೊಟ್ಟಿದ್ದರು. ಅಲ್ಲಿ ಅವಳ ಅತ್ತೆ ಕಲಿಸಿದ್ದು ಒಂದೇ ಪಾಠ: ಯಾರ ಪಾತ್ರೆಯನ್ನೂ ಬರಿದಾಗಿ ವಾಪಸ್ಸು ಕೊಡಬಾರದು. ಇದೇನು ಹೊಸದಲ್ಲ, ನಮ್ಮ ಕಡೆ ಎಲ್ಲರೂ ಮಾಡುತ್ತೇವೆ. ಪಕ್ಕದ ಮನೆಯ ಬಟ್ಟಲು ಹಿಂದಿರುಗಿಸುವಾಗ ಒಂದು ಚಿಟಿಕೆ ಸಕ್ಕರೆ ಹಾಕುತ್ತೇವೆ. ಸಕ್ಕರೆ ತುಟ್ಟಿಯಾದರೆ ಮರೆತವರ ಹಾಗೆ ನಟಿಸುತ್ತೇವೆ. ಇವಳಿಗೆ ನಟಿಸಲು ಬರುವುದಿಲ್ಲ, ಅದೇ ತೊಂದರೆ.

ಗಂಡ ತೀರಿದ ಮೇಲೆ ನಂಜನಗೂಡಿಗೆ ವಾಪಸ್ಸು ಬಂದು ನಮ್ಮ ಹಿಂದಿನ ಬೀದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಳು. ಮದುವೆಮನೆಗಳಲ್ಲಿ ತರಕಾರಿ ಹೆಚ್ಚುವ ಕೆಲಸ. ನಮ್ಮ ಮನೆಯಲ್ಲೇ ಇರು ಎಂದು ಕರೆದೆ. "ನಿನ್ ಸಾರ್ಗೆ ಉಪ್ಪು ಜಾಸ್ತಿ ಅತ್ಗೆ" ಎಂದಳು. ಅವಳ ಅಣ್ಣ ಅದೇ ಸಾರನ್ನು ನಲವತ್ತು ವರ್ಷ ಉಂಡು, ಸಾಯುವವರೆಗೂ ಬಾಯಿಬಿಡಲಿಲ್ಲ!

ಗ್ಯಾಸಿನವನು ಖಾಲಿ ಸಿಲಿಂಡರು ತೆಗೆದುಕೊಂಡು ಹೋಗಲು ಬಂದರೆ ಅದರ ಕುತ್ತಿಗೆಗೆ ಕರಿಬೇವಿನ ಕೊಂಬೆ ಕಟ್ಟಿರುತ್ತಿತ್ತು. ಹಾಲಿನವನು ಒಂದು ದಿನ ಕ್ಯಾನು ಬಿಟ್ಟುಹೋದ. ಇವಳು ಅದರೊಳಗೆ ಒಂದು ಹೋಳು ನಿಂಬೆಹಣ್ಣು ಹಾಕಿ ಕಳಿಸಿದಳು. ಅವನು ನೋಡದೆ ಹಾಲು ಸುರಿದ. ಅಷ್ಟೂ ಹಾಲು ಒಡೆಯಿತು. ಅವನು ಬಂದು ಬೀದಿಯಲ್ಲಿ ನಿಂತು ಕೂಗಾಡಿದರೆ, ಇವಳು ಆ ಒಡೆದ ಹಾಲನ್ನು ಇಸಿದುಕೊಂಡು, ಬೆಲ್ಲ ಹಾಕಿ ಕಾಯಿಸಿ, ಸಿಹಿ ಮಾಡಿ ಅದೇ ಕ್ಯಾನಿನಲ್ಲಿ ಕೊಟ್ಟಳು. ಆಸ್ಪತ್ರೆಯವರು ಒಂದು ಸಲ ಪರೀಕ್ಷೆಗೆಂದು ಪುಟ್ಟ ಡಬ್ಬಿ ಕೊಟ್ಟಿದ್ದರು. ಅದನ್ನು ಮಾತ್ರ ಅವರು ಕೇಳಿದ್ದನ್ನೇ ತುಂಬಿಸಿ ಕೊಟ್ಟಳು. ಸದ್ಯ!

ಇಂಥವಳು ಇರುವ ಬಡಾವಣೆಗೆ ಕೊರೊನಾ ಪರಿಹಾರದ ದುಡ್ಡು ಬಂತು. ಅದನ್ನು ಖರ್ಚು ಮಾಡಲು ಒಂದು ಸಮಿತಿಯೂ ಆಯಿತು. ದುಡ್ಡು ಬಂದಮೇಲೆ ಸಮಿತಿ ಬರದೆ ಇರುತ್ತದೆಯೇ? ಸಮಿತಿಯವರು ಮೊದಲು ಗೋಡೆಯ ಮೇಲೆ ಕೊರೊನಾದ ಚಿತ್ರ ಬರೆಸಿದರು. ಕೋರೆಹಲ್ಲು, ಮೀಸೆ, ಹಸಿರು ಮೈ. ಅದನ್ನು ನೋಡಿ ಕೊರೊನಾ ಹೆದರಿತೋ ಇಲ್ಲವೋ, ನನ್ನ ಮೊಮ್ಮಗಳು ಮೂರು ದಿನ ಹಾಸಿಗೆ ಒದ್ದೆ ಮಾಡಿದಳು. ಆಮೇಲೆ ಕಾಲಿನಲ್ಲಿ ಒತ್ತಿದರೆ ಕೈಗೆ ಔಷಧಿ ಬೀಳುವ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರು. ಒಂದೇ ವಾರಕ್ಕೆ ಔಷಧಿ ಬಾಟಲು ಮಾಯವಾಗಿ ಸ್ಟ್ಯಾಂಡು ಉಳಿಯಿತು. ಬಂದುಹೋಗುವವರೆಲ್ಲ ಒತ್ತಿ, ಬರೀ ಗಾಳಿಯಲ್ಲಿ ಕೈ ಉಜ್ಜಿಕೊಂಡು ಹೋಗುತ್ತಿದ್ದರು. ಅಂಗಡಿಗಳ ಮುಂದೆ ದೂರ ದೂರ ನಿಲ್ಲಲು ಸುಣ್ಣದಲ್ಲಿ ಬಳೆ ಬರೆದರು. ಅದನ್ನು ಚೆನ್ನಾಗಿ ಪಾಲಿಸಿದ್ದು ಬೀದಿನಾಯಿಗಳು. ಒಂದು ಬಳೆಗೆ ಒಂದರಂತೆ ಮಲಗುತ್ತಿದ್ದವು.

ಬೈದದ್ದು ಸಾಕು. ಒಂದು ಕೆಲಸ ಸರಿಯಾಗಿ ಮಾಡಿದರು. ಒಂಟಿಯಾಗಿರುವ ಮುದುಕ ಮುದುಕಿಯರಿಗೆ ಮಧ್ಯಾಹ್ನದ ಊಟ. ಕೆಲಸ ಕಳೆದುಕೊಂಡಿದ್ದ ಸ್ತ್ರೀಶಕ್ತಿ ಸಂಘದ ಹೆಂಗಸರು ಸಮುದಾಯ ಭವನದಲ್ಲಿ ಬೇಯಿಸುವುದು, ಸ್ಟೀಲಿನ ಡಬ್ಬಿಗಳಲ್ಲಿ ಮನೆಮನೆಗೆ ಕೊಡುವುದು, ಮಾರನೇ ದಿನ ಹಳೇ ಡಬ್ಬಿ ಇಸಿದುಕೊಂಡು ಹೊಸದು ಕೊಡುವುದು. ಹೆಂಗಸರಿಗೆ ಕೂಲಿ, ಮುದುಕರಿಗೆ ಕೂಳು. ಮದುವೆಗಳು ನಿಂತು ನನ್ನ ನಾದಿನಿಯ ಹೆಚ್ಚುವ ಕೆಲಸವೂ ನಿಂತಿತ್ತಲ್ಲ, ಅವಳ ಹೆಸರೂ ಪಟ್ಟಿಯಲ್ಲಿ ಬಂತು.

ಮೊದಲ ಡಬ್ಬಿ ವಾಪಸ್ಸು ಹೋದಾಗ ಅದರೊಳಗೆ ನುಗ್ಗೆಸೊಪ್ಪು. ಅವಳ ರೂಮಿನ ಹಿಂದೆ ಒಂದು ನುಗ್ಗೆಮರವಿತ್ತು. ಸಂಘದವರು, ಅಜ್ಜಿಗೆ ಮರೆವು ಎಂದುಕೊಂಡರು. ಎರಡನೇ ದಿನ ಹುಣಸೆಹಣ್ಣು, ಮೂರನೇ ದಿನ ಒಂದಚ್ಚು ಬೆಲ್ಲ. ಇದನ್ನು ಎದುರುಮನೆ ಮುದುಕಿ ಕಂಡಳು. ನರಸೀಪುರದಿಂದ ವಾಪಸ್ಸು ಬಂದವಳಿಗೇ ಇಷ್ಟು ದೌಲತ್ತಾದರೆ ನನಗೆಷ್ಟಿರಬೇಡ ಎಂದು ಅವಳು ಚಟ್ನಿಪುಡಿ ತುಂಬಿ ಕಳಿಸಿದಳು. ಮುಗಿಯಿತು! ಹದಿನೈದೇ ದಿನದಲ್ಲಿ ಬಡಾವಣೆಯ ಒಂದು ಡಬ್ಬಿಯೂ ಬರಿದಾಗಿ ಬರುತ್ತಿರಲಿಲ್ಲ. ಕುಂಬಳದ ಹೋಳು, ಹಸಿಮೆಣಸಿನಕಾಯಿ, ಒಬ್ಬ ಮುದುಕನದು ಎರಡು ಬೀಡಿ. ಸಂಘದವರು ಬೀಡಿ ಬಿಟ್ಟು ಮಿಕ್ಕದ್ದನ್ನೆಲ್ಲ ಸಾರಿಗೆ ಹಾಕಿದರು. ಸಾರು ರುಚಿಯಾಯಿತು.

ಸಮಿತಿಯ ಮೇಲ್ವಿಚಾರಕ ಸ್ಕೂಟರು ಹತ್ತಿ ವಿಚಾರಣೆಗೆ ಬಂದ. ಆವತ್ತು ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ.

"ಅಜ್ಜಿ, ಇದು ಪರಿಹಾರದ ಊಟ. ಬೀಗರೂಟ ಅಲ್ಲ. ಡಬ್ಬೀಲಿ ಏನೂ ಹಾಕಿ ಕೊಡಂಗಿಲ್ಲ" ಎಂದ.

"ನಿಮ್ಮನೆ ಬಟ್ಲು ಬರೀದು ಬಂದ್ರೆ ನಿಮ್ಮವ್ವ ಸುಮ್ಕಿರ್ತಾರಾ ಸಾ?"

"ಇದು ಮನೆ ಬಟ್ಲಲ್ಲಜ್ಜಿ, ಸರ್ಕಾರದ್ದು."

"ಸರ್ಕಾರಕ್ಕೂ ಒಂದು ಅಡ್ಗೆಮನೆ ಇರಕಿಲ್ವಾ" ಎಂದಳು.

ಅವನು ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟರು ಹತ್ತಿದ. ಹೋಗುವಾಗ ಸ್ಕೂಟರಿನ ಕೊಕ್ಕೆಗೆ ಒಂದು ಕಟ್ಟು ನುಗ್ಗೆಸೊಪ್ಪು ನೇತಾಡುತ್ತಿತ್ತು. ಆಮೇಲೆ ಇದನ್ನೇ 'ಸಮುದಾಯದ ಸಹಭಾಗಿತ್ವ' ಎಂದು ಮೇಲಿನವರಿಗೆ ಬರೆದು, ಶಾಲು ಹೊದಿಸಿಕೊಂಡನಂತೆ. ನನ್ನ ನಾದಿನಿಗೆ ಶಾಲು ಸಿಗಲಿಲ್ಲ. ಸಿಕ್ಕಿದ್ದರೆ ಅದಕ್ಕೂ ಏನಾದರೂ ಗಂಟುಕಟ್ಟಿ ವಾಪಸ್ಸು ಕಳಿಸುತ್ತಿದ್ದಳು.

ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಇಬ್ಬರಿಗೆ ಕಾಯಿಲೆ ಬಂತು. ಬೀದಿಯ ಎರಡೂ ತುದಿಗೆ ಬೊಂಬು ಕಟ್ಟಿ, ಹದಿನಾಲ್ಕು ದಿನ ಯಾರೂ ಆಚೆ ಕಾಲಿಡಬಾರದು ಎಂದರು. ಮಧ್ಯೆ ಒಂದು ಸಂಜೆ ಜೋರು ಗಾಳಿಮಳೆಯೂ ಆಯಿತು. ನಾದಿನಿಗೆ ದಿನಾ ಫೋನು ಮಾಡಿಸುತ್ತಿದ್ದೆ. ಏನು ಉಂಡೆ ಎಂದರೆ ಅನ್ನ, ಸಾರು, ಪಲ್ಯ ಎನ್ನುತ್ತಿದ್ದಳು. ಯಾತರ ಪಲ್ಯ ಎಂದರೆ ಸಿಗ್ನಲ್ಲು ಇಲ್ಲ ಎಂದು ಇಡುತ್ತಿದ್ದಳು. ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ವಯಸ್ಸಾದರೆ ಬುದ್ಧಿ ಬರುತ್ತದೆ ಎನ್ನುವವರನ್ನು ನಂಬಬೇಡಿ.

ಬೊಂಬು ಬಿಚ್ಚಿದ ದಿನ ಸಂಘದ ಹೆಂಗಸೊಬ್ಬಳು ರಸ್ತೆಯಲ್ಲಿ ಸಿಕ್ಕಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ನಿಮ್ ನಾದಿನಿ ಊಟ ಬ್ಯಾಡ ಅಂದು ಐದು ದಿನಾಯ್ತು ಕಣಮ್ಮ. ಅತ್ಗೆ ಮನೆಯಿಂದ ಬತ್ತದೆ ಅಂತು. ನೀವೇ ಕಳ್ಸೋದಾದ್ರೆ ಸಂತೋಸ. ನಮ್ ಡಬ್ಬಿ ಯಾಕೆ ಇಟ್ಕೊಂಡದೆ?"

ನಾನು ಏನು ಕಳಿಸಿದ್ದೆ? ಬೊಂಬಿನ ಒಳಗಿನಿಂದ ಒಂದು ತುತ್ತೂ ಕಳಿಸಿರಲಿಲ್ಲ.

ಅವಳ ರೂಮಿಗೆ ಹೋದೆ. ಹಿಂದೆ ನುಗ್ಗೆಮರ ಬುಡಕ್ಕೇ ಮುರಿದು ಬಿದ್ದಿತ್ತು. ಎಲೆಯೆಲ್ಲ ಒಣಗಿ ಉದುರಿತ್ತು. ಅವಳು ಚಾಪೆಯ ಮೇಲೆ ಒರಗಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಹಲಗೆಯ ಮೇಲಿನ ಡಬ್ಬಗಳನ್ನು ಒಂದೊಂದೇ ಬಿಚ್ಚಿದೆ. ಬೆಲ್ಲದ್ದು ಖಾಲಿ, ಹುಣಸೆಹಣ್ಣಿನದು ಖಾಲಿ, ರಾಗಿಹಿಟ್ಟಿನದನ್ನು ಬಟ್ಟೆಯಲ್ಲಿ ಒರೆಸಿಟ್ಟಿದ್ದಳು. ಕೊನೆಯಲ್ಲಿ ಸಂಘದ ಸ್ಟೀಲು ಡಬ್ಬಿ, ಬೂದಿ ಹಾಕಿ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು.

"ಉಂಡು ಎಷ್ಟು ದಿನಾಯ್ತೇ?"

"ಮೊನ್ನೆಗಂಟ ಅವಲಕ್ಕಿ ಇತ್ತು."

"ಆ ಡಬ್ಬಿ ಕೊಟ್ಟು ಊಟ ಇಸ್ಕೊಳಕೇನು ದಾಡಿ ನಿಂಗೆ?"

"ಏನಾಕಿ ಕೊಡ್ಲಿ ಅತ್ಗೆ?" ಎಂದಳು. "ಇಷ್ಟು ದಿನ ಕೊಟ್ಟು ಈಸ್ಕೊಂಡಂಗಿತ್ತು. ಬರೀದು ಕೊಟ್ರೆ ಬೇಡ್ದಂಗಾಯ್ತದೆ."

ಬಾಯಿಗೆ ಬಂದಂತೆ ಬೈದೆ. ನಿನ್ನ ಅತ್ತೆ ಸತ್ತು ಮೂವತ್ತು ವರ್ಷವಾಯಿತು, ನೋಡಲು ಎದ್ದುಬರುವುದಿಲ್ಲ ಎಂದೆ. ನಮ್ಮ ಮನೆಯಿಂದ ನಿಂಬೆಹಣ್ಣು ತಂದು ಹಾಕುತ್ತೇನೆ ಎಂದೆ. ಅದು ನಿಂದು, ನಂದಲ್ಲ ಎಂದಳು. ಹಾಗಾದರೆ ಖಾಲಿ ಡಬ್ಬಿ ನಾನೇ ಕೊಟ್ಟುಬರುತ್ತೇನೆ ಎಂದು ಎತ್ತಿಕೊಂಡರೆ, ಎದ್ದು ಕೂರಲು ಆಗದವಳು ನನ್ನ ಸೆರಗು ಹಿಡಿದು ಎಳೆದಳು. ನನ್ನ ಚೀಲದಲ್ಲಿ ಎರಡು ಬಾಳೆಹಣ್ಣಿತ್ತು. ಸುಲಿದು ಬಾಯಿಗೆ ತುರುಕಿದೆ. ನುಂಗಿದಳು. ಹಣ್ಣಿಗೆ ಪಾತ್ರೆಯಿಲ್ಲವಲ್ಲ.

ನನ್ನ ಗಂಡ ಹೋದಾಗ ನಾನು ಅಷ್ಟು ಅಳಲಿಲ್ಲ, ಊರಿನವರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಆ ದಿನ ಅವಳು ಹಣ್ಣು ನುಂಗುವುದನ್ನು ನೋಡುತ್ತ, ಇವಳೂ ಹೋದರೆ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಮುಖದ ಮೇಲೆ ಹೇಳುವವರು ಯಾರು ಎನ್ನಿಸಿತು. ಅವಳಿಗೆ ಹೇಳಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ.

ಮಾರನೇ ದಿನ ಬೆಳಿಗ್ಗೆ ನಾನು ಎದ್ದವಳೇ ನಮ್ಮ ಹಿತ್ತಲಿನಲ್ಲಿ ಒಂದು ಅಗಲವಾದ ಬಾಳೆಲೆ ಕೊಯ್ದು, ಒಲೆಯ ಕಾವಿಗೆ ಹಿಡಿದು ಬಾಡಿಸಿ, ಸಮುದಾಯ ಭವನಕ್ಕೆ ಹೋಗಿ, ಇನ್ನು ಮೇಲೆ ಅವಳ ಊಟವನ್ನು ಇದರಲ್ಲೇ ಕಟ್ಟಿಕೊಡಿ, ಎಲೆ ದಿನಾ ನಾನೇ ತಂದುಕೊಡುತ್ತೇನೆ ಎಂದು ಹೇಳಿ, ಅನ್ನ ಬೇಯುವವರೆಗೂ ಅಲ್ಲೇ ಕೂತೆ.