ಪಟ್ಟಿಯಲ್ಲಿದ್ದ ಮನೆ

ಹಳೆಯ ಮನೆಗಳೆಂದರೆ ನನಗೆ ಪ್ರಾಣ. ಹೊನ್ನಾವರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ ಇಪ್ಪತ್ನಾಲ್ಕು ವರ್ಷಗಳಿಂದ ಈ ಮಾತು ಹೇಳುತ್ತಲೇ ಬಂದಿದ್ದೇನೆ. ಹೇಳಿ ಮುಗಿಸಿ ಸಂಜೆ ಮರಳುತ್ತಿದ್ದುದು ಮಾತ್ರ ಎರಡು ಬಚ್ಚಲು, ಮೂರು ಫ್ಯಾನು, ಬೆಳ್ಳಗಿನ ಟೈಲ್ಸು ಇರುವ ಬಾಡಿಗೆ ಮನೆಗೆ. ಪ್ರಾಣ ಒಂದು ಕಡೆ, ದೇಹ ಇನ್ನೊಂದು ಕಡೆ ಇದ್ದರೆ ಪ್ರೀತಿ ಬಹುಕಾಲ ಬಾಳುತ್ತದೆ ಎಂಬುದು ನನ್ನ ಅನುಭವ. ಎರಡೂ ಒಂದೇ ಕಡೆ ಸೇರಬೇಕಾದ ಪ್ರಸಂಗ ಕಳೆದ ವರ್ಷ ಬಂತು.

ಭಟ್ಕಳದಿಂದ ಓಡಾಡುವ ಸಹೋದ್ಯೋಗಿಯೊಬ್ಬರು ಒಂದು ದಿನ ಸ್ಟಾಫ್ ರೂಮಿನಲ್ಲಿ, "ನಮ್ಮ ಕೇರಿಯ ಜುಲೇಖಾ ಆಪಾ ತಮ್ಮ ಹಳೆ ಮನೆ ಮಾರ್ತಾರಂತೆ. ಹೊನ್ನಾವರದ ಇತಿಹಾಸದ ಮಾಸ್ತರರಿಗೇ ಹೇಳಿ ಅಂದಿದ್ದಾರೆ" ಎಂದರು. ನನ್ನ ಕೀರ್ತಿ ಶರಾವತಿ ಸೇತುವೆ ದಾಟಿ ಭಟ್ಕಳದ ಅಡುಗೆಮನೆಗಳವರೆಗೆ ಹೋಗಿದೆಯೆಂದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹೆಂಡತಿ ಶಾರದಾಳಿಗೆ ಸುದ್ದಿ ಹೇಳಿದೆ. ಅವಳು ಶಿರಾಲಿಯ ಆಸ್ಪತ್ರೆಯಲ್ಲಿ ನರ್ಸು. ಭಟ್ಕಳದಲ್ಲಿ ಮನೆಯಾದರೆ ದಿನವೂ ಹೊನ್ನಾವರದಿಂದ ಬಸ್ಸಿನಲ್ಲಿ ನಿಂತು ಹೋಗುವುದು ತಪ್ಪುತ್ತದೆ. ಆದರೂ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬಚ್ಚಲು ಎಲ್ಲುಂಟು?"

ಭಾನುವಾರ ಇಬ್ಬರೂ ಹೋದೆವು. ಕೇರಿಗೆಲ್ಲ ಅಕ್ಕನಾದ ಜುಲೇಖಾ ಆಪಾ ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅದೇ ಓಣಿಯ ತುದಿಯಲ್ಲಿ ಮಗಳು ಕಟ್ಟಿಸಿದ ಹೊಸ ಮನೆಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಬೀಗ ತೆಗೆಯುತ್ತ, "ಅಲ್ಲಿ ಬಿಸಿನೀರು ಗೋಡೆಯಿಂದಲೇ ಬರ್ತದೆ" ಎಂದು ಶಾರದಾಳಿಗೆ ಮಾತ್ರ ಕೇಳುವಂತೆ ಹೇಳಿದರು. ಹಳೆ ಮನೆಯಿಂದ ಬಿಡುಗಡೆಯಾದ ಸಂತೋಷ ಅವರ ಮುಖದಲ್ಲೆಲ್ಲ ಇತ್ತು.

ಒಳಗೆ ಕಾಲಿಟ್ಟವನೇ ನಾನು ಮರುಳಾದೆ. ಕೆತ್ತನೆಯ ಕಂಬಗಳು, ಮರದ ಮುಚ್ಚಿಗೆ, ಹೆಂಗಸರು ಓಣಿ ನೋಡಲೆಂದು ಮಾಡಿದ ಜಾಲರಿಯ ಕಿಟಕಿ. ಎಲ್ಲವೂ ಎಲ್ಲೋ ಕಂಡಂತಿತ್ತು. ಪೂರ್ವಜನ್ಮದ ನಂಟಿರಬೇಕು ಎಂದುಕೊಂಡೆ.

ಮಾರುವವರು ಹೊಗಳುವುದು, ಕೊಳ್ಳುವವರು ಕೊಂಕು ತೆಗೆಯುವುದು ಲೋಕದ ಪದ್ಧತಿ. ನಮ್ಮಲ್ಲಿ ಅದು ತಿರುಗಾಮುರುಗಾ ಆಯಿತು. "ಎಂಥ ಬಾಗಿಲು! ತಲೆ ತಗ್ಗಿಸಿಯೇ ಒಳಗೆ ಬರಬೇಕು, ವಿನಯ ಕಲಿಸುವ ಬಾಗಿಲು" ಎಂದೆ. "ವಿನಯ ಎಂತದೂ ಇಲ್ಲ ಮಾಸ್ತ್ರೇ. ನಮ್ಮ ಯಜಮಾನರು ನಲವತ್ತು ವರ್ಷ ಹಣೆ ಒಡೆಸಿಕೊಂಡು, ಪ್ರತಿ ಸಲವೂ ನನಗೇ ಬೈತಿದ್ದರು" ಎಂದರು ಆಪಾ. ಮುಚ್ಚಿಗೆಯ ಕೆತ್ತನೆ ನೋಡಿ ಬೆರಗಾದರೆ, ಅದರ ಮೇಲೆ ಮರನಾಯಿ ಮರಿ ಹಾಕುತ್ತದೆಂದರು. ಬಚ್ಚಲು ಹಿತ್ತಲಿನ ತುದಿಯಲ್ಲಿತ್ತು. ಶಾರದಾ ಅಡುಗೆಮನೆಯಿಂದ ಅಲ್ಲಿಯವರೆಗೆ ಹೆಜ್ಜೆ ಎಣಿಸುತ್ತ ಹೋಗಿ, ಎಣಿಸುವುದನ್ನು ಅರ್ಧಕ್ಕೇ ಬಿಟ್ಟು ಮರಳಿ ಬಂದಳು.

ಮುಂದಿನ ವಾರ ಮುಟ್ಟಳ್ಳಿಯ ಬಡಗಿ ಗಣಪತಿ ಆಚಾರಿಯನ್ನು ಕರೆದೊಯ್ದು ತೋರಿಸಿದೆ. ಆತ ಕಂಬ ಕಂಬಕ್ಕೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, "ಮರ ಲಾಯ್ಕಿದ್ದು ಮಾಸ್ತ್ರೇ. ಹಂಚಿನ ಮಾಡು ಪೂರಾ ಬಿಚ್ಚಬೇಕು. ಒಳಗೇ ಒಂದು ಬಚ್ಚಲು ಮಾಡಿದರೆ ಆತು, ನೂರು ವರ್ಷ ಯೋಚನೆ ಇಲ್ಲ" ಎಂದ. ಶಾರದಾ ಮೊದಲ ಬಾರಿ ನಕ್ಕಳು. "ಒಳಗೆ ಬಚ್ಚಲು ಆಗುವುದಾದರೆ ನನ್ನದೂ ಒಪ್ಪಿಗೆ. ಆಗದಿದ್ದರೆ ಆ ಕಂಬಗಳ ಜೊತೆ ನೀವೊಬ್ಬರೇ ಸಂಸಾರ ಮಾಡಿ." ಅವಳು ತಮಾಷೆಗೆ ಹೇಳಲಿಲ್ಲ.

ಆದರೆ ಕಾಗದಪತ್ರ ತೆಗೆಸಿ ನೋಡಿದರೆ ಆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು. ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅನುಮತಿ ಕೊಡುವ ಕಚೇರಿಗೆ ಹೋದರೆ, ಕುರ್ಚಿಯಲ್ಲಿ ಕೂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ. ನನಗೆ ಧೈರ್ಯ ಬಂತು. ಒಳಗೊಂದು ಸಣ್ಣ ಬಚ್ಚಲು, ಅಷ್ಟೇ ಎಂದೆ.

"ಸರ್, ಹಳೆ ಮನೆಯ ಒಂದು ಗೋಡೆ ಒಡೆದರೆ ಚರಿತ್ರೆಯ ಒಂದು ಪುಟ ಹರಿದಂತೆ ಅಂತ ನೀವೇ ಪಾಠ ಮಾಡಿದ್ದಿರಿ" ಎಂದಳು ಸವಿತಾ, ಭಕ್ತಿಯಿಂದ.

"ಅದು ಪರೀಕ್ಷೆಗೆ ಮಾತ್ರ" ಎನ್ನಬೇಕೆನಿಸಿತು.

"ಅರ್ಜಿ ಕೊಡಿ ಸರ್, ಸಮಿತಿ ನೋಡ್ತದೆ. ಎಷ್ಟು ತಿಂಗಳೋ ಹೇಳೋಕಾಗಲ್ಲ" ಎನ್ನುತ್ತ ಅವಳು ಹಳೆಯ ಕಡತ ಬಿಚ್ಚಿ ನನ್ನ ಮುಂದೆ ಇಟ್ಟಳು. ಆ ಓಣಿಯ ಒಂಬತ್ತು ಮನೆಗಳನ್ನು ಪಟ್ಟಿಗೆ ಸೇರಿಸಬೇಕೆಂಬ ನಾಲ್ಕು ಪುಟದ ಮನವಿ. ದುಂಡಗಿನ ಅಕ್ಷರ, ಅಲ್ಲಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಕೊನೆಯಲ್ಲಿ ನನ್ನದೇ ಸಹಿ.

ಆಗ ನೆನಪಾಯಿತು. ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಸಮೀಕ್ಷೆ ಮಾಡಿಸಿದ್ದೆ. ಮಕ್ಕಳು ಟೇಪು ಹಿಡಿದು ಅಳೆದಿದ್ದರು. ನಾನು ಒಂಬತ್ತೂ ಮನೆಗಳ ಒಳಗೆ ಕಣ್ಣಾಡಿಸಿ, ಜಗುಲಿಯಲ್ಲಿ ಕೂತು ಒಂಬತ್ತು ಲೋಟ ಚಹಾ ಕುಡಿದಿದ್ದೆ. ಪೂರ್ವಜನ್ಮದ ನಂಟು ಎಂದುಕೊಂಡಿದ್ದು ಇದೇ.

ಎರಡು ದಿನ ಊಟ ಸೇರಲಿಲ್ಲ. ಕೊಳ್ಳದೆ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮುದುಕಿ ತಮ್ಮ ಮನೆಯಲ್ಲೇ ಒಂದು ಬಚ್ಚಲು ಮಾಡಿಸಿಕೊಳ್ಳಲಾಗದೆ ಹಿತ್ತಲಿಗೆ ನಡೆದ ವರ್ಷಗಳೆಲ್ಲ ನನ್ನ ಆ ನಾಲ್ಕು ಪುಟದಿಂದ ಬಂದವು. ಕೊನೆಗೆ ಶಾರದಾಳೇ ಎಳೆದುಕೊಂಡು ಹೋದಳು. ಆಪಾರ ಹೊಸ ಮನೆಯ ಸೋಫಾದಲ್ಲಿ ಕೂತು, "ನಿಮ್ಮ ಮನೆಯನ್ನು ಪಟ್ಟಿಗೆ ಹಾಕಿಸಿದ್ದು ನಾನೇ. ತಪ್ಪಾಯಿತು" ಎಂದೆ.

ಆಪಾ ತಿಂಡಿಯ ತಟ್ಟೆಯನ್ನು ನನ್ನತ್ತ ತಳ್ಳಿದರು. "ಗೊತ್ತುಂಟು ಮಾಸ್ತ್ರೇ. ಆವತ್ತು ಚಹಾ ಕೊಟ್ಟವಳು ನಾನೇ ಅಲ್ವಾ? ಎರಡು ಚಮಚ ಸಕ್ಕರೆ ಕೇಳಿದ್ರಿ. ಆಮೇಲೆ ಬಂದ ಗಿರಾಕಿಗಳೆಲ್ಲ ಪಟ್ಟಿ ಅಂದ ಕೂಡಲೇ ಓಡಿಹೋದರು. ಆ ಮನೆ ಅಷ್ಟು ಶ್ರೇಷ್ಠ ಅಂತ ಬರೆದವರಿಗಲ್ಲದೆ ಇನ್ಯಾರಿಗೆ ಮಾರಲಿ?"

ಶಾರದಾ ಎಷ್ಟು ನಕ್ಕಳೆಂದರೆ, ಕೈಯಲ್ಲಿದ್ದ ಚಹಾ ಸೋಫಾದ ಮೇಲೆಲ್ಲ ಚೆಲ್ಲಿತು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ನನ್ನತ್ತ ನೋಡಿ, "ಕೊಳ್ಳುವ. ಇಷ್ಟು ವರ್ಷ ಆಪಾ ನಡೆದರಲ್ಲ, ಸ್ವಲ್ಪ ದಿನ ನೀವೂ ನಡೆಯಿರಿ" ಎಂದಳು. ತಾನು ನಡೆಯುತ್ತೇನೆಂದು ಮಾತ್ರ ಹೇಳಲಿಲ್ಲ.

ಕೊಂಡೆವು. ಅರ್ಜಿ ಸಮಿತಿಯ ಮುಂದಿದೆ. ಶಾರದಾ ಡ್ಯೂಟಿ ಮುಗಿಸಿ ಬಂದವಳೇ ಆಪಾರ ಹೊಸ ಮನೆಗೆ ಹೋಗಿ ಗೋಡೆಯಿಂದ ಬರುವ ಬಿಸಿನೀರಲ್ಲಿ ಮಿಂದು, ಅಲ್ಲೇ ಚಹಾ ಕುಡಿದು, ಹೊಸ ಗೆಳತಿಯೊಡನೆ ಹರಟೆ ಹೊಡೆದು ಬರುತ್ತಾಳೆ. ನಾನು ಹಣೆಗೆ ಮುಲಾಮು ಹಚ್ಚಿಕೊಂಡು, ಬಕೆಟ್ ಹಿಡಿದು, ಹಿತ್ತಲಿಗೆ ನಡೆಯುತ್ತೇನೆ.

ಮೊನ್ನೆ ಯಾವುದೋ ಕಾಲೇಜಿನ ಯುವ ಅಧ್ಯಾಪಕನೊಬ್ಬ ವಿದ್ಯಾರ್ಥಿಗಳೊಡನೆ ಓಣಿಗೆ ಬಂದಿದ್ದ. ಕೈಯಲ್ಲಿ ಟೇಪು, ಕಣ್ಣಲ್ಲಿ ಅದೇ ನನ್ನ ಹಳೆಯ ಹೊಳಪು. ಹಿಂದೆ ನಾನು ಬಿಟ್ಟುಹೋದ ಮನೆಗಳನ್ನೆಲ್ಲ ಪಟ್ಟಿಗೆ ಸೇರಿಸುತ್ತಾನಂತೆ. ಎದುರುಮನೆಯಾತ ಗಾಬರಿಯಿಂದ ಓಡಿಬಂದು, "ಮಾಸ್ತ್ರೇ, ನೀವು ತಿಳಿದವರು. ಇವರನ್ನು ಒಳಗೆ ಬಿಡಬಹುದಾ?" ಎಂದು ಕೇಳಿದ. ನಾನು ಅಧ್ಯಾಪಕನಿಗೆ ಕೈಮುಗಿದು, ಪರಂಪರೆಯ ರಕ್ಷಣೆ ನಮ್ಮೆಲ್ಲರ ಕರ್ತವ್ಯ ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಎದುರುಮನೆಯಾತನನ್ನು ಬದಿಗೆ ಕರೆದು, "ಬರುವ ತಿಂಗಳು ಬರಲು ಹೇಳು. ಅಷ್ಟರೊಳಗೆ ಗಣಪತಿ ಆಚಾರಿಯನ್ನು ಕರೆಸಿ ಒಳಗೊಂದು ಬಚ್ಚಲು ಮಾಡಿಸಿಕೋ" ಎಂದು ಆಚಾರಿಯ ಫೋನ್ ನಂಬರನ್ನು ನಾನೇ ಬರೆದುಕೊಟ್ಟೆ.