ಹನ್ನೊಂದನೇ ಹಾಸಿಗೆಯ ದುರ್ಗವ್ವ

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ಮಾಯಾಳ ಸಮವಸ್ತ್ರ ಬಿಚ್ಚಿಸಿ, ರೋಗಿಗಳ ಹಸಿರು ನಿಲುವಂಗಿ ತೊಡಿಸಿ, ಅವಳನ್ನು ಹನ್ನೊಂದನೇ ಹಾಸಿಗೆಯಲ್ಲಿ ಮಲಗಿಸಲಾಯಿತು.

ಕಾರಣ ಸಣ್ಣದು. ನರ್ಸಿಂಗ್ ಕಾಲೇಜಿಗೆ ಒಂದು ಆಸ್ಪತ್ರೆ ಇತ್ತು. ಆಸ್ಪತ್ರೆಗೆ ನೂರಿಪ್ಪತ್ತು ಹಾಸಿಗೆಗಳಿದ್ದವು. ಹಾಸಿಗೆಗಳಿಗೆ ರೋಗಿಗಳಿರಲಿಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯ ಪಕ್ಕ ಗಾಜಿನ ಮುಖ ಹೊತ್ತು ನಿಂತಿದ್ದ ಆ ಕಟ್ಟಡಕ್ಕೆ ಯಾರೂ ಕಾಯಿಲೆ ಹೊತ್ತು ಬರುತ್ತಿರಲಿಲ್ಲ. ಕಳೆದ ತಿಂಗಳು ತಾನಾಗಿ ಒಳಗೆ ಬಂದಿದ್ದ ಒಬ್ಬನೂ ಶೌಚಾಲಯ ಎಲ್ಲಿದೆ ಎಂದು ಕೇಳಲು ಬಂದಿದ್ದ. ಆದರೆ ಪರೀಕ್ಷೆಯ ನಿಯಮ ಕಟ್ಟುನಿಟ್ಟು. ಹೊರಗಿನಿಂದ ಬಂದ ಪರೀಕ್ಷಕರ ಎದುರು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಬ್ಬ ರೋಗಿಯ ಶುಶ್ರೂಷೆ ಮಾಡಿ ತೋರಿಸಬೇಕು. ಹಾಗಾಗಿ ಪರೀಕ್ಷೆಯೋ ತಪಾಸಣೆಯೋ ಬಂದಾಗಲೆಲ್ಲ ಆಫೀಸಿನ ಚನ್ನಯ್ಯ ಟೆಂಪೋ ತೆಗೆದುಕೊಂಡು ಮುಗದ ಹಳ್ಳಿಯ ಕಡೆ ಹೋಗುತ್ತಿದ್ದ. ಅವತ್ತು ಕೂಲಿ ಸಿಗದೆ ಕೂತವರನ್ನು ಹತ್ತಿಸಿಕೊಂಡು ಬರುತ್ತಿದ್ದ. ಅವರು ದಡದಡನೆ ಮೆಟ್ಟಿಲು ಹತ್ತಿ ಬಂದು, ಹಾಸಿಗೆ ಸೇರಿದೊಡನೆ ನರಳಲು ಶುರು ಮಾಡುತ್ತಿದ್ದರು.

ಅವತ್ತು ಹನ್ನೆರಡು ಜನ ಬೇಕಿತ್ತು. ಇಳಿದವರು ಹನ್ನೊಂದೇ ಜನ.

"ಮಾಳವ್ವ ಕೈ ಕೊಟ್ಲ್ರಿ," ಎಂದ ಚನ್ನಯ್ಯ. "ಬ್ಯಾರೆ ಕಾಲೇಜಿನವ್ರು ನಸಕಿನ್ಯಾಗ ಬಂದು ಕರಕೊಂಡು ಹೋಗ್ಯಾರ. ಅಲ್ಲೆ ಊಟಕ್ಕ ಶಿರಾ ಐತಂತ."

ಪ್ರಿನ್ಸಿಪಾಲ್ ಗೀತಾಂಜಲಿ ಮೇಡಂ, ಸಾಲಾಗಿ ನಿಂತಿದ್ದ ಇಪ್ಪತ್ತೇಳು ಹುಡುಗಿಯರನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ನೋಡುತ್ತ ಬಂದು ಕೊನೆಯವಳ ಮುಂದೆ ನಿಂತರು.

"ಮಾಯಾ, ನಿನ್ನ ನಂಬರ್ ಇಪ್ಪತ್ತೇಳು. ನಿನ್ನ ಪಾಳಿ ಬರೂದು ಮಧ್ಯಾಹ್ನ ಮೂರಕ್ಕ. ಅಲ್ಲಿತನಕಾ ನಿಂತು ಏನು ಮಾಡ್ತಿ? ಮಲಗು."

"ಮೇಡಂ, ಇವತ್ತ ನಂದ ಪರೀಕ್ಷಾ ಐತ್ರಿ."

"ಪರೀಕ್ಷಾ ಎಲ್ಲಾರ್ದೂ ಅದ. ಕಳದ ವರ್ಷ ತಪಾಸಣಿ ಬಂದಾಗ ನೀನ ಮಲಗಿದ್ದಿ ಹೌದಲ್ಲೊ? ಎಷ್ಟು ಛಲೋ ಮಲಗಿದ್ದಿ. ಬ್ಯಾರೆ ಹುಡಿಗ್ಯಾರು ಮಲಗಿದ್ರ ಗೊತ್ತಾಗಿಬಿಡ್ತದ. ನಿನ್ನ ಮಾರಿ ನೋಡಿದ್ರ ಯಾರೂ ಸಂಶೇ ಪಡೂದಿಲ್ಲ."

ಇಂಥ ಮಾತುಗಳಲ್ಲಿ ಹೊಗಳಿಕೆ ಎಷ್ಟು, ಬೇರೆಯದು ಎಷ್ಟು ಎಂದು ಮಾಯಾ ನಾಲ್ಕು ವರ್ಷಗಳಿಂದ ಸೋಸುತ್ತ ಬಂದಿದ್ದಳು. ಸಾಲಿನಲ್ಲಿದ್ದ ಉಳಿದವರು ತಮ್ಮ ತಮ್ಮ ಬೂಟು ನೋಡಿಕೊಂಡರು.

"ಸರ್ಕಾರದ ಸ್ಕಾಲರ್‌ಶಿಪ್ ಮ್ಯಾಲೆ ಓದಿದಾಕಿ ನೀನು. ಕಾಲೇಜಿಗೆ ಇಷ್ಟರ ಮಾಡು," ಎಂದರು ಮೇಡಂ. ಸರ್ಕಾರ ಕೊಟ್ಟಿದ್ದಕ್ಕೆ ಕಾಲೇಜಿನ ಉಪಕಾರ ಹೇಗೆ ತೀರಿಸಬೇಕೆಂದು ಯಾರೂ ಕೇಳಲಿಲ್ಲ. ಆಂತರಿಕ ಅಂಕಗಳ ಹಾಳೆ ಮೇಡಂ ಕಂಕುಳಲ್ಲೇ ಇತ್ತು.

ಇದೊಂದು ಪರೀಕ್ಷೆ ದಾಟಿದರೆ ಮಾಯಾಳಿಗೆ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಸಿಗುತ್ತಿತ್ತು. ಅದಿದ್ದರೆ ತಿಂಗಳ ಕೊನೆಯೊಳಗೆ ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅಂಥ ಅರ್ಜಿ ಕರೆದಿದ್ದು ಐದು ವರ್ಷಗಳ ಮೇಲೆ. ಗರಗದ ಊರಾಚೆಯ ಕೇರಿಯಲ್ಲಿ ಅವಳ ಅಪ್ಪ ಗಂಗಪ್ಪ ಮಗ್ಗದ ಮುಂದೆ, ಅವ್ವ ಕಸ್ತೂರೆವ್ವ ಚರಕದ ಮುಂದೆ ಕೂತು ಆ ಸಂಖ್ಯೆಗಾಗಿ ಕಾಯುತ್ತಿದ್ದರು. ಕಸ್ತೂರೆವ್ವ ಹೋದ ದೀಪಾವಳಿಯಲ್ಲಷ್ಟೇ ಮಗಳಿಂದ ಸಹಿ ಮಾಡಲು ಕಲಿತಿದ್ದಳು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಬ್ಯಾಂಕಿನಲ್ಲಿ ಸರಿ, ಗ್ಯಾಸ್ ಸಿಲಿಂಡರ್ ತಂದವನ ಚೀಟಿಯ ಮೇಲೆ ಸರಿ, ಬಾಗಿಲಿಗೆ ಪೋಲಿಯೋ ಹಾಕಲು ಬಂದವರ ಪುಸ್ತಕದಲ್ಲೂ ಕೇಳಿ ಪಡೆದು ಸಹಿ ಮಾಡಿದ್ದಳು, ಮನೆಯಲ್ಲಿ ಕೂಸೇ ಇರಲಿಲ್ಲ.

ಮಾಯಾಳ ತಲೆಗೆ ಪೌಡರು ಹಾಕಿ ಕೂದಲು ನೆರೆಸಿದರು. ಕಾಲಬುಡಕ್ಕೆ ಮಾಳವ್ವನಿಗಾಗಿ ಬರೆದಿಟ್ಟಿದ್ದ ಹಾಳೆಯನ್ನೇ ತೂಗುಹಾಕಿದರು: ದುರ್ಗವ್ವ, ವಯಸ್ಸು ನಲವತ್ತೈದು, ನಿರಕ್ಷರಿ, ವಾಂತಿಭೇದಿ, ದೇಹದಲ್ಲಿ ನೀರು ಬತ್ತಿದೆ. ಕೊನೆಗೆ ಮೇಡಂ ಅವಳ ಕನ್ನಡಕ ಕಿತ್ತುಕೊಂಡರು.

"ಓದಾಕ ಬರದಾಕಿಗೆ ಚಾಳೀಸ ಯಾಕ?"

ಕನ್ನಡಕ ಹೋದೊಡನೆ ಎದುರಿನ ಗೋಡೆ ಹಾಲಿನಲ್ಲಿ ಅದ್ದಿದ ಹಾಗಾಯಿತು. ಆ ಗೋಡೆಯ ಮೇಲೆ ಈಗಷ್ಟೇ ಒಂದು ಪಟ್ಟಿ ಅಂಟಿಸಿದ್ದರು. ಯಾವ ಹುಡುಗಿಗೆ ಯಾವ ಹಾಸಿಗೆಯ ರೋಗಿ ಎಂದು ಪರೀಕ್ಷಕರು ಬೆಳಿಗ್ಗೆ ಆಫೀಸಿನಲ್ಲಿ ಚೀಟಿ ಎತ್ತಿ ಗೊತ್ತುಮಾಡಿದ ಪಟ್ಟಿ ಅದು.

"ಕಾಕಾ, ಇಪ್ಪತ್ತೇಳಕ್ಕ ಯಾವ ಹಾಸಗಿ ಬಂದೈತಿ ನೋಡ್ರಿ," ಎಂದು ಅವಳು ಪಕ್ಕದ ಹನ್ನೆರಡನೇ ಹಾಸಿಗೆಯವನನ್ನು ಕೇಳಿದಳು.

ಆತ ಬಾಬುಸಾಬ. ಮೊದಲು ಸ್ಕೂಟರ್ ರಿಪೇರಿ ಅಂಗಡಿ ಇತ್ತು. ರಸ್ತೆ ಅಗಲವಾದಾಗ ಅಂಗಡಿ ರಸ್ತೆಯಾಯಿತು. ಈಗ ಮೂರು ಕಾಲೇಜಿಗೆ ಆತ ಕಾಯಂ ರೋಗಿ.

"ನನಗ ಉರ್ದು ಅಷ್ಟ ಓದಾಕ ಬರ್ತೈತಿ ಬೇಟಿ," ಎಂದ ಆತ. "ನೀ ಹೊಸದಾಗಿ ಮಲಗೀಯೇನು? ಮಾರಿ ಗ್ವಾಡಿ ಕಡಿ ಹೊಳ್ಳಿಸು. ಕೇಳಿದ್ದಕ್ಕೆಲ್ಲ ಹೂಂ ಅನ್ನು. ನಾ ಹತ್ತು ವರ್ಷದಾಗ ಎರಡು ಸಲ ಕಿಡ್ನಿ, ನಾಕು ಸಲ ಹಾರ್ಟು ಮುಗಿಸೇನಿ. ಖರೇ ಅಂದ್ರ ಮಣಕಾಲು ನೋಯ್ತೈತಿ. ಅದನ್ನ ಯಾರೂ ಕೇಳವಲ್ರು."

ಪರೀಕ್ಷಕಿ ತಾರಾಬಾಯಿ ಒಂಬತ್ತಕ್ಕೆ ವಾರ್ಡಿನೊಳಗೆ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮೇಟ್ರನ್ ಆಗಿದ್ದವರು. ಅವರ ಚಪ್ಪಲಿ ಸದ್ದಿಗೆ ನಿಜವಾದ ಜ್ವರವೂ ಇಳಿಯುವಂತಿತ್ತು. ಹನ್ನೊಂದನೇ ಹಾಸಿಗೆಗೆ ಮೊದಲು ಬಂದವಳು ಥರ್ಮಾಮೀಟರನ್ನು ತಲೆಕೆಳಗಾಗಿ ಇಟ್ಟಳು. ಮಾಯಾ ನಾಲಿಗೆಯಿಂದಲೇ ಅದನ್ನು ತಿರುಗಿಸಿಕೊಂಡಳು. ಎರಡನೆಯವಳು ಹಾಸಿಗೆಯ ಮೇಲೆಯೇ ಮೈ ಒರೆಸಿದಳು, ಬಿಸಿನೀರು ತರಲು ಮರೆತಿದ್ದಳು. ನಡುಗುತ್ತಿದ್ದ ರೋಗಿಯನ್ನು ನೋಡಿ ತಾರಾಬಾಯಿ, "ಜ್ವರ ಬರಾಕತ್ತದ, ಬರಕೋ," ಎಂದರು.

ಮೂರನೆಯವಳು ಸ್ನೇಹಲ್. ಸಂಸ್ಥೆಯ ಅಧ್ಯಕ್ಷರ ತಮ್ಮನ ಮಗಳು. ನಾಲ್ಕು ವರ್ಷಗಳಲ್ಲಿ ಅವಳು ವಾರ್ಡಿಗೆ ಬಂದಿದ್ದು ಫೋಟೋ ತೆಗೆಯುವ ದಿನ ಮಾತ್ರ. ಅವಳ ಪಾಲಿಗೆ ಬಂದಿದ್ದು ಸಲೈನ್ ಏರಿಸುವ ಕೆಲಸ. ನಿಮಿಷಕ್ಕೆ ನಲವತ್ತು ಹನಿ ಬೀಳಬೇಕೆಂದು ತಾರಾಬಾಯಿ ಹೇಳಿದ್ದರು.

ಸ್ನೇಹಲ್ ಸೂಜಿಯನ್ನು ಅಗರಬತ್ತಿಯಂತೆ ಹಿಡಿದುಕೊಂಡಳು. ಮೊದಲ ಚುಚ್ಚಿಗೆ ನರ ತಪ್ಪಿತು. ಎರಡನೆಯದು ಮೂಳೆಯ ಕುಶಲ ವಿಚಾರಿಸಿ ಬಂತು.

"ಮಾಯಾ, ಎಲ್ಲಿ ಐತೇ ನರಾ," ಎಂದು ಅವಳು ತುಟಿ ಅಲ್ಲಾಡಿಸದೆ ಕೇಳಿದಳು.

"ಎಡಕ್ಕ. ಇನ್ನಾ ಎಡಕ್ಕ. ಸೂಜಿ ಮಲಗಿಸಿ ಹಿಡಿ," ಎಂದು ದುರ್ಗವ್ವ ನರಳುವ ದನಿಯಲ್ಲೇ ಹೇಳಿದಳು. ಮೂರನೇ ಸಲ ಅವಳೇ ಮುಷ್ಟಿ ಬಿಗಿದು, ನರ ಉಬ್ಬಿಸಿ, ತೋಳನ್ನು ಸೂಜಿಯ ಕಡೆಗೆ ತಳ್ಳಿಕೊಟ್ಟಳು. ರಕ್ತ ಕಂಡಿತು. ಸ್ನೇಹಲ್ ತನ್ನ ಸಾಹಸಕ್ಕೆ ತಾನೇ ಬೆರಗಾಗಿ ಪರೀಕ್ಷಕರನ್ನು ನೋಡಿದಳು. ಆಮೇಲೆ ಕೇಳಿದ ಐದು ಪ್ರಶ್ನೆಗಳಿಗೂ ಉತ್ತರ ಹೊದಿಕೆಯ ಒಳಗಿನಿಂದ ಪಿಸುಗುಟ್ಟುತ್ತ ಬಂತು.

"ಛಲೋ," ಎಂದು ತಾರಾಬಾಯಿ ಹಾಳೆಯ ಮೇಲೆ ಬರೆದರು. "ನೂರಕ್ಕ ತೊಂಬತ್ತಾರು. ರೋಗಿನ್ನ ಏಳಿಸಬ್ಯಾಡ್ರಿ. ಬಾಟ್ಲಿ ಮುಗಿಯೂತನಕಾ ಇಲ್ಲೇ ಇರಬೇಕು."

ಬಾಟಲಿಗೆ ಅವಸರವಿರಲಿಲ್ಲ. ಊಟದ ಗಂಟೆ ಹೊಡೆಯಿತು; ವಾಂತಿಭೇದಿಯವಳಿಗೆ ಊಟ ಕೊಡುವಂತಿಲ್ಲವೆಂದು ಮಾಯಾಳ ತಟ್ಟೆ ಬಾಬುಸಾಬನ ಕಡೆ ಹೋಯಿತು. ಎರಡು ಗಂಟೆಗೆ ಚನ್ನಯ್ಯ ಬಂದು ಗೋಡೆಯ ಪಟ್ಟಿಗೆ ಬೆರಳಿಟ್ಟು ನೋಡಿ, ಹನ್ನೊಂದೂ ಜನ ರೋಗಿಗಳನ್ನು ಚಪ್ಪಾಳೆ ತಟ್ಟಿ ಎಬ್ಬಿಸಿದ. ಇನ್ನೊಂದು ಕಾಲೇಜಿನಲ್ಲಿ ಸಂಜೆ ತಪಾಸಣೆಯಿತ್ತಂತೆ.

"ಬರ್ತೇನಿ ಬೇಟಿ," ಎಂದ ಬಾಬುಸಾಬ, ಚಪ್ಪಲಿ ಹುಡುಕುತ್ತ. "ಅಲ್ಲೆ ನಂದು ಪಿತ್ತಕೋಶ."

ಮೂರು ಗಂಟೆ. ಪರೀಕ್ಷೆ ಮುಗಿಸಿದ ಹುಡುಗಿಯರು ಹೋಗಿಬಿಟ್ಟಿದ್ದರು. ಮನೆಯ ಕಾರಿಗಾಗಿ ಕಾಯುತ್ತ ಸ್ನೇಹಲ್ ಒಬ್ಬಳು ಬಾಗಿಲಲ್ಲಿ ಫೋನು ಉಜ್ಜುತ್ತಿದ್ದಳು.

"ಇಪ್ಪತ್ತೇಳು. ಮಾಯಾ ಗಂಗಪ್ಪ," ಎಂದು ತಾರಾಬಾಯಿ ಕೂಗಿದರು.

ಮಾಯಾ ಮೇಡಂ ಮುಖ ನೋಡಿದಳು. ಮೇಡಂ ಬಾಟಲಿಯನ್ನು ನೋಡಿದರು.

"ಇಲ್ಲೇ ಎಲ್ಲೋ ಹೋಗ್ಯಾಳ್ರಿ, ಬರ್ತಾಳ."

"ಮೂರು ಸಲ ಕೂಗ್ತೀನಿ. ಆಮ್ಯಾಲೆ ಗೈರುಹಾಜರಿ."

ಎರಡನೇ ಸಲ ಕೂಗಿದಾಗ ಮಾಯಾ ಎದ್ದು ಕೂತಳು. "ಇದ್ದೇನ್ರಿ. ನಾನ ಮಾಯಾ."

"ಜ್ವರ ತಲಿಗೇರೇದ್ರಿ ಪಾಪ," ಎಂದು ಮೇಡಂ ಮುಂದೆ ಬಂದರು. "ಬೆಳಿಗ್ಗಿಂದ ಹಿಂಗ ಬಡಬಡಸ್ತಾಳ."

ತಾರಾಬಾಯಿ ಪೆನ್ನು ಕೆಳಗಿಟ್ಟರು. "ದೇಹದಾಗ ನೀರು ಕಮ್ಮಿ ಆದ್ರ ಏನೇನು ಲಕ್ಷಣ?"

"ನಾಲಿಗಿ ಒಣಗತೈತ್ರಿ. ಕಣ್ಣು ಒಳಗ ಹೋಗ್ತಾವು. ಚರ್ಮ ಚಿವುಟಿ ಬಿಟ್ರ ಲಗೂ ಕೂಡೂದಿಲ್ಲ. ನಾಡಿ ಜೋರ ಓಡತೈತಿ, ಒತ್ತಡ ಬೀಳತೈತಿ. ಮತ್ತ ಈ ಬಾಟ್ಲಿ ನಿಮಿಷಕ್ಕ ಹದಿನೆಂಟು ಹನಿ ಬೀಳಾಕತ್ತೈತ್ರಿ. ನೀವು ಹೇಳಿದ್ದು ನಲವತ್ತು. ಖರೇನ ಪೇಶಂಟ್ ಇದ್ದಿದ್ರ ಈಗ ಉಳೀತಿದ್ದಿಲ್ಲ."

ತಾರಾಬಾಯಿ ಅವಳ ಕೂದಲ ಪೌಡರನ್ನು ಬೆರಳಿನಿಂದ ಒರೆಸಿ ನೋಡಿದರು. "ನನಗ ಬೆಳಿಗ್ಗೇ ಗೊತ್ತಾಗಿತ್ತು. ತಾನ ಮುಷ್ಟಿ ಬಿಗಿ ಮಾಡಿ ನರಾ ಎತ್ತಿಕೊಟ್ಟ ರೋಗಿನ್ನ ನಾ ಎಲ್ಲೂ ನೋಡಿಲ್ಲ."

"ಮತ್ತ ಯಾಕ ಸುಮ್ನಿದ್ರಿ?"

"ನೀ ಯಾಕ ಸುಮ್ನಿದ್ದಿ?"

ಎರಡು ಪ್ರಶ್ನೆಗೂ ಒಂದೇ ಉತ್ತರವಿತ್ತು. ಅದು ಮಗ್ಗುಲಲ್ಲೇ ನಿಂತು ಸೆರಗು ಸರಿಮಾಡಿಕೊಳ್ಳುತ್ತಿತ್ತು.

"ಲಗೂ ತಯಾರಾಗು," ಎಂದರು ತಾರಾಬಾಯಿ. "ನಂದು ಐದರ ಬಸ್ಸು ಅದ. ಪರೀಕ್ಷಾ ತಗೋತೀನಿ."

ಮಾಯಾ ತನ್ನ ಕೈಯ ಸೂಜಿಯನ್ನು ತಾನೇ ತೆಗೆದು ಹತ್ತಿ ಒತ್ತಿಕೊಂಡಳು. ಅವತ್ತು ಆ ವಾರ್ಡಿನಲ್ಲಿ ತಪ್ಪಿಲ್ಲದೆ ನಡೆದ ಮೊದಲ ಕೆಲಸ ಅದು. ಸಮವಸ್ತ್ರ ತೊಟ್ಟು, ಬೂಟು ಹಾಕಿ, ಮೇಡಂ ಮೇಜಿನ ಮೇಲಿದ್ದ ಕನ್ನಡಕವನ್ನು ಕೇಳದೆಯೇ ತೆಗೆದುಕೊಂಡು ಬಂದಳು. ಲೋಕ ಮತ್ತೆ ಅಂಚುಗಳ ಸಮೇತ ಕಾಣಿಸಿತು. ಗೋಡೆಯ ಪಟ್ಟಿಯೂ ಕಾಣಿಸಿತು. ಕೊನೆಯ ಸಾಲು ಸ್ಪಷ್ಟವಾಗಿತ್ತು.

ಇಪ್ಪತ್ತೇಳು, ಮಾಯಾ ಗಂಗಪ್ಪ. ಹಾಸಿಗೆ ಹನ್ನೊಂದು.

ಹನ್ನೊಂದನೇ ಹಾಸಿಗೆ ಖಾಲಿಯಿತ್ತು. ಹೊದಿಕೆ ಅವಳದೇ ಆಕಾರದಲ್ಲಿ ಮುದುಡಿ ಬಿದ್ದಿತ್ತು. ಚನ್ನಯ್ಯ ಯಾವ ಧೈರ್ಯದಲ್ಲಿ ಎಲ್ಲರನ್ನೂ ಕಳಿಸಿದ್ದನೆಂದು ಈಗ ತಿಳಿಯಿತು. ಉಳಿದ ಒಬ್ಬಳಿಗೆ ಬೇಕಾದ ರೋಗಿ ಹಾಸಿಗೆಯಲ್ಲೇ ಇದ್ದಳಲ್ಲ.

"ರೋಗಿ ಇಲ್ಲದ ಅಂಕ ಹಾಕಾಕ ಬರೂದಿಲ್ಲ," ಎಂದರು ತಾರಾಬಾಯಿ. ನೀನು ಮಲಗಿದರೆ ಪರೀಕ್ಷೆ ಕೊಡುವವಳಿಲ್ಲ, ಎದ್ದರೆ ರೋಗಿಯಿಲ್ಲ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಪ್ರಿನ್ಸಿಪಾಲರತ್ತ ತಿರುಗಿದರು. "ನೀವ ಮಲಗ್ರಲಾ."

"ನನಗ ಬೆನ್ನುನೋವು ಅದರಿ. ಮಲಗಿದ್ರ ಏಳಾಕ ಆಗೂದಿಲ್ಲ."

"ಸ್ನೇಹಲ್ ಇದ್ದಾಳಲ್ರಿ," ಎಂದಳು ಮಾಯಾ. "ಹತ್ತು ನಿಮಿಷ. ಆಕೀದು ಪರೀಕ್ಷಾ ಮುಗದೈತಿ."

ಸ್ನೇಹಲ್ ಫೋನಿನಿಂದ ತಲೆ ಎತ್ತಿ ಹಾಸಿಗೆಯನ್ನು ನೋಡಿದಳು. "ನಾ ಒಲ್ಲೆ."

"ಯಾಕವಾ?" ಎಂದರು ತಾರಾಬಾಯಿ.

"ಅದರಾಗ ಆಕಿ ಮಲಗಿದ್ಲಲ್ರಿ."

ಬೆಳಿಗ್ಗೆ ಇದೇ ಸ್ನೇಹಲ್ ಇದೇ ಕೈಯಿಂದ ಮಾಯಾಳ ತೋಳು ಹಿಡಿದು ನರ ಕೇಳಿದ್ದಳು. ಅಂಕ ಬೀಳುವವರೆಗೆ ಮುಟ್ಟಬಹುದಾದದ್ದು ಅಂಕ ಬಿದ್ದ ಮೇಲೆ ಬೇಡವಾಗಿತ್ತು.

"ಹೋಗ್ಲಿ ಬಿಡ್ರಿ," ಎಂದರು ಗೀತಾಂಜಲಿ ಮೇಡಂ, ಮೆತ್ತಗೆ. "ಯಾರಿಗೂ ಒತ್ತಾಯ ಮಾಡಬಾರದು."

ಹೊರಗೆ ಕಾರು ಹಾರ್ನ್ ಬಾರಿಸಿತು. ಸ್ನೇಹಲ್ ಹೋದಳು. ತಾರಾಬಾಯಿ ಗಡಿಯಾರ ನೋಡಿದರು, ಹಾಳೆ ನೋಡಿದರು. ನಡೆದದ್ದನ್ನು ನಡೆದ ಹಾಗೆ ಬರೆದರೆ ಹನ್ನೊಂದನೇ ಹಾಸಿಗೆಯಲ್ಲಿ ಪಾಸಾದ ಮೂವರ ಅಂಕವೂ ಹೋಗುತ್ತಿತ್ತು. ಆ ಅಂಕಗಳ ಕೆಳಗೆ ಸಹಿ ಅವರದೇ ಇತ್ತು. ಅವರು ಮಾಯಾಳ ಕಡೆ ನೋಡದೆ 'ಗೈರುಹಾಜರಿ' ಎಂದು ಬರೆದರು.

"ನಿನ್ನಂಥಾಕಿ ನನ್ನ ವಾರ್ಡಿನ್ಯಾಗ ಇರಬೇಕಿತ್ತವ್ವ," ಎಂದರು, ಚೀಲ ಹೆಗಲಿಗೇರಿಸುತ್ತ. "ಆರು ತಿಂಗಳ ಬಿಟ್ಟು ಮತ್ತ ಕಟ್ಟು." ಚಪ್ಪಲಿ ಸದ್ದು ಬಂದದ್ದಕ್ಕಿಂತ ಬೇಗ ದೂರವಾಯಿತು.

ಮೇಡಂ ಸಿಟ್ಟು ಮಾಡಲಿಲ್ಲ. ದುರ್ಗವ್ವನ ಫೈಲು ತಂದು ಹಾಸಿಗೆಯ ಮೇಲಿಟ್ಟು, ಪಕ್ಕಕ್ಕೆ ನೀಲಿ ಮಸಿಯ ಡಬ್ಬಿ ತೆರೆದರು. ಫೈಲಿನಲ್ಲಿ ಎಲ್ಲ ಚೊಕ್ಕವಾಗಿತ್ತು. ಬಂದಳು, ಮಲಗಿದಳು, ಮೂವರು ಆರೈಕೆ ಮಾಡಿದರು, ಪೂರ್ತಿ ಗುಣವಾದಳು. ಹುಟ್ಟದೇ ಇದ್ದವಳು ಕಾಗದದ ಮೇಲೆ ಆರೋಗ್ಯವಾಗಿದ್ದಳು. ಹುಟ್ಟಿ, ನಾಲ್ಕು ವರ್ಷ ಓದಿದವಳು ಗೈರುಹಾಜರಾಗಿದ್ದಳು.

"ಬಿಡುಗಡಿ ಹಾಳಿ ಅದ. ಹೆಬ್ಬಟ್ಟು ಒತ್ತು," ಎಂದರು ಮೇಡಂ. "ಆಕಿ ಓದಾಕ ಬರದಾಕಿ ಅಂತ ಬರದೇದ, ಸಹಿ ನಡೆಯೂದಿಲ್ಲ. ಇದೊಂದ ಆದ್ರ ಫೈಲು ಮುಗೀತದ. ಮತ್ತ ಸೋಮವಾರ ತಪಾಸಣಿ ಅದ. ಹೆಂಗೂ ಆರು ತಿಂಗಳ ಖಾಲಿನ ಇರ್ತಿ, ಬಂದು ಮಲಗು. ಶಿರಾ ಮಾಡಸ್ತೀನಿ."

ಅವರು ಮಾಯಾಳ ಕೈ ಹಿಡಿದು ಮಸಿಯ ಕಡೆ ಎಳೆದರು. ಮಾಯಾ ಹೆಬ್ಬೆರಳನ್ನು ನಾಲ್ಕು ಬೆರಳುಗಳ ಒಳಗೆ ಮಡಚಿಕೊಂಡಳು. ಬೆಳಿಗ್ಗೆ ನರ ಎತ್ತಿಕೊಡಲು ಬಿಗಿದ ಅದೇ ಮುಷ್ಟಿ.

"ಒತ್ತೂದಿಲ್ರಿ."

"ಹಂಗಾರ ನಡೀ ಮನೀಗೆ. ವಾರ್ಡ್ ಕೀಲಿ ಹಾಕಬೇಕು."

ಮಾಯಾ ಸಮವಸ್ತ್ರದಲ್ಲಿ, ಬೂಟುಗಾಲಲ್ಲೇ, ಹನ್ನೊಂದನೇ ಹಾಸಿಗೆಯ ಮೇಲೆ ಮಲಗಿದಳು. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಕಾಲಬುಡದ ಹಾಳೆಯನ್ನು ಒಮ್ಮೆ ಓದಿದಳು.

"ಏಳೂದಿಲ್ರಿ," ಎಂದಳು. "ದುರ್ಗವ್ವಗ ಇನ್ನಾ ಬಿಡುಗಡಿ ಆಗಿಲ್ಲ."