ರೇನರ್ಸ್ ಲೇನ್‌ನಿಂದ ಸಿಂಹ ನೋಡಲು ಹೋದದ್ದು

ಆಸ್ಪತ್ರೆಯಲ್ಲಿ ಡಾಕ್ಟರೆಂದು ನಾಲ್ಕು ಜನ ನನ್ನ ಮಾತು ಕೇಳುತ್ತಾರೆ. ಅದರ ಬಾಗಿಲು ದಾಟಿದರೆ ಸಾಕು, ಏನಾದರೊಂದು ಎಡವಟ್ಟು ನನಗಾಗಿ ಕಾದು ಕೂತಿರುತ್ತದೆ. ತೊಂಬತ್ತರ ದಶಕದಲ್ಲಿ, ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ಮನೆ ಮಾಡಿಕೊಂಡಿದ್ದಾಗ, ನಾನು, ಹೆಂಡತಿ, ಹತ್ತು ವರ್ಷದ ಮಗಳು ಮತ್ತು ಧಾರವಾಡದಿಂದ ಬಂದಿದ್ದ ನಮ್ಮವ್ವ ಕೀನ್ಯಾಕ್ಕೆ ಸಫಾರಿ ಹೋದಾಗಲಂತೂ ಅವು ಸಾಲುಗಟ್ಟಿ ನಿಂತಿದ್ದವು.

ಸೂಜಿ

ಹೊರಡುವ ಮೊದಲು ಲಸಿಕೆಗೆಂದು ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ್, ಹತ್ತಿರ ಹೋದೆವು. ನರ್ಸ್ ಅವ್ವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು: ಕುದಿಸದ ನೀರು ಕುಡಿಯಬಾರದು, ಹೆಚ್ಚಿಟ್ಟ ಹಣ್ಣು ಮುಟ್ಟಬಾರದು, ಸೊಳ್ಳೆ ಪರದೆ ಇಲ್ಲದೆ ಮಲಗಬಾರದು. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ಅವ್ವ ಎಲ್ಲಕ್ಕೂ ತಲೆಯಾಡಿಸಿದಳು.

ಕೊನೆಗೆ ನರ್ಸ್, “ಇವರು ಹಿಂದೆ ಯಾವಾಗಲಾದರೂ ಮಲೇರಿಯಾ ಇರುವ ದೇಶಕ್ಕೆ ಹೋಗಿದ್ದಾರಾ?” ಎಂದು ಕೇಳಿದಳು. ಅದನ್ನೂ ಕನ್ನಡದಲ್ಲಿ ಹೇಳಿದೆ.

“ಹೋಗಿಲ್ಲಂತ ಹೇಳಪ್ಪಾ,” ಅಂದಳು ಅವ್ವ. “ಅಲ್ಲೇ ಹುಟ್ಟೇನಿ.”

ಖಾಕಿ

ಸಫಾರಿಗೆ ಖಾಕಿಯೇ ಹಾಕಬೇಕೆಂದು ಯಾರೋ ಹೇಳಿದ್ದರು. ಟೋಪಿಯಿಂದ ಕಾಲುಚೀಲದವರೆಗೆ ಖಾಕಿ ಹಾಕಿಕೊಂಡು ಮೊದಲ ಬೆಳಿಗ್ಗೆ ಜೀಪಿನ ಪಕ್ಕ ಹೆಂಡತಿಗಾಗಿ ಕಾಯುತ್ತಿದ್ದೆ. ಇಂಗ್ಲಿಷ್ ಅಜ್ಜಿಯೊಬ್ಬರು ಬಂದು ಒಳಗೆ ಕೂತೇಬಿಟ್ಟರು.

“ಇವತ್ತು ಚಿರತೆ ಸಿಗುತ್ತಾ?”

“ಸಿಗಬಹುದು,” ಎಂದೆ.

ಮರದ ತುದಿಯ ಹಕ್ಕಿಯೊಂದನ್ನು ತೋರಿಸಿ ಅದರ ಹೆಸರೇನು ಎಂದರು. ‘ಗೊತ್ತಿಲ್ಲ’ ಎನ್ನುವ ಮಾತು ಡಾಕ್ಟರರ ಬಾಯಿಗೆ ಸುಲಭವಾಗಿ ಬರುವುದಿಲ್ಲ. “ಅದೊಂದು ಜಾತಿಯ ಹದ್ದು,” ಎಂದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ನನ್ನಂತೆಯೇ ಖಾಕಿ ತೊಟ್ಟಿದ್ದ ಅವರ ಗೈಡ್ ಬಂದು ಇನ್ನೊಂದು ಜೀಪಿಗೆ ಕರೆದುಕೊಂಡು ಹೋದ.

ಮರುದಿನ ತಿಂಡಿಯ ಹೊತ್ತಿಗೆ ಅದೇ ಅಜ್ಜಿ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು, ಯಾರಾದರೂ ಡಾಕ್ಟರ್ ಇದ್ದಾರಾ ಎಂದು ಕೇಳುತ್ತಿದ್ದರು. ಓಡಿಹೋಗಿ, “ನಾನೇ ಡಾಕ್ಟರ್, ಲಂಡನ್ನಿನವನು,” ಎಂದೆ.

ಅವರು ನನ್ನ ಕೈ ತಟ್ಟಿದರು. “ನೀವು ತುಂಬಾ ಒಳ್ಳೆಯವರು. ಆದರೆ ನಾನು ಕಾಯುತ್ತೇನೆ. ಅದು ಹದ್ದಲ್ಲವಂತೆ, ಕೊಕ್ಕರೆಯಂತೆ.”

ವಿಡಿಯೋ

ಮನೆಗೆ ಮರಳಿದ ಮೇಲೆ, ಲಂಡನ್ನಿನಲ್ಲೇ ಇದ್ದ ಮೈಸೂರಿನ ಡಾಕ್ಟರ್ ಗೆಳೆಯನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆದೆವು. ಹಿಂದಿನ ವರ್ಷ ಆತ ತನ್ನ ಸ್ವಿಟ್ಜರ್ಲೆಂಡ್ ಪ್ರವಾಸದ ವಿಡಿಯೋವನ್ನು ನಮಗೆ ಮೂರು ಗಂಟೆ ತೋರಿಸಿದ್ದ. ನಾನೂ ಸಫಾರಿಗೆಂದೇ ಹೊಸ ಕ್ಯಾಮ್‌ಕಾರ್ಡರ್ ಕೊಂಡಿದ್ದೆ. ಪರದೆ ಎಳೆದು, ಎಲ್ಲರನ್ನೂ ಸೋಫಾದಲ್ಲಿ ಕೂರಿಸಿ ಟೇಪು ಹಾಕಿದೆ.

ಟಿವಿಯಲ್ಲಿ ನನ್ನ ಬೂಟು ಕಾಣಿಸಿತು. ಐದು ನಿಮಿಷವಾದರೂ ಬೂಟೇ. ಸಿಂಹ ಕಂಡಾಗ ಗುಂಡಿ ಒತ್ತಿ ನಿಲ್ಲಿಸಿದ್ದೆ, ಕ್ಯಾಮೆರಾ ಇಳಿಸಿದಾಗ ಒತ್ತಿ ಶುರು ಮಾಡಿದ್ದೆ. “ಡ್ಯಾಡ್, ಯು ಡಿಡ್ ಇಟ್ ಬ್ಯಾಕ್‌ವರ್ಡ್ಸ್,” ಅಂದಳು ಮಗಳು. ನಾನು ಏಳುವಷ್ಟರಲ್ಲಿ ಟಿವಿಯಿಂದ ಹೆಂಡತಿಯ ದನಿ ಕೇಳಿಸಿತು: “ಮಲಗಿರೋ ಸಿಂಹಾನ ಯಾಕ್ರೀ ಅಷ್ಟು ಹೊತ್ತು ತೆಗೆದ್ರಿ?”

ಹಿಂದೆಯೇ ನನ್ನ ದನಿ: “ಅವನು ಮೂರು ಗಂಟೆ ಹಿಮ ತೋರಿಸಿ ನಮ್ಮ ಜೀವ ತಿಂದನಲ್ಲ. ನಾನು ನಾಲ್ಕು ಗಂಟೆ ಸಿಂಹ ತೋರಿಸ್ತೀನಿ. ಅನುಭವಿಸಲಿ.”

ಹೆಂಡತಿ ಪಾಯಸ ನೋಡುವ ನೆಪದಲ್ಲಿ ಅಡಿಗೆಮನೆ ಸೇರಿದಳು. ನನಗೆ ಕೈಯಲ್ಲಿದ್ದ ರಿಮೋಟೇ ಸಿಗಲಿಲ್ಲ. ಆರಿಸಲೆಂದು ಟಿವಿಯ ಕಡೆ ಓಡಿದೆ.

“ನಿಲ್ಲಿಸಬೇಡ ಕಣೋ,” ಎಂದ ಗೆಳೆಯ, ಸೋಫಾಕ್ಕೆ ಆರಾಮವಾಗಿ ಒರಗಿಕೊಂಡು. “ಇಷ್ಟೊತ್ತೂ ಬಲಗಾಲೇ ಆಯ್ತು. ಎಡಗಾಲು ಯಾವಾಗ ಬರುತ್ತೆ ನೋಡಿಕೊಂಡೇ ಹೋಗ್ತೀನಿ.”